ಕಂಬದ ಫೋನು

ಇದು ನಡೆದ ಕಥೆ. ದೊಡ್ಡಮಳೂರಿನ ಅಪ್ರಮೇಯಸ್ವಾಮಿ ಆಣೆಗೂ ನಡೆದದ್ದು. ಸರಿಯಾಗಿ ಹೇಳಬೇಕೆಂದರೆ ನಡೆದದ್ದಕ್ಕಿಂತ ಕೂತದ್ದೇ ಹೆಚ್ಚು, ಯಾಕೆಂದರೆ ಇದರ ಕಥಾನಾಯಕ ಮುನಿಶಾಮಯ್ಯ ಟೆಲಿಫೋನ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದು ರಿಟೈರಾಗಿ ಬಂದವನು ಪಡಸಾಲೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ. ಕೂತವನು ಎದ್ದದ್ದು ಊಟಕ್ಕೆ, ಸ್ನಾನಕ್ಕೆ, ಮಧ್ಯಾಹ್ನ ರೈಲ್ವೆ ಸ್ಟೇಷನ್ ಕಡೆಗೆ ಒಂದು ಸುತ್ತಿಗೆ. ಹೆಸರಿನಲ್ಲೇ ಮುನಿ ಇರುವವನಿಗೆ ಮುನಿಸಿಕೊಳ್ಳಲು ಬೇರೆ ಕಾರಣ ಬೇಕೆ ಎಂದು ಚನ್ನಪಟ್ಟಣದ ಆ ಬೀದಿಯವರು ಆಡಿಕೊಳ್ಳುತ್ತಿದ್ದರು. ಆದರೆ ಈ ಸಲದ ಮುನಿಸಿಗೆ ಕಾರಣ ಇತ್ತು, ಮತ್ತು ಆ ಕಾರಣದ ಹೆಸರು ಮಾರಕ್ಕ. ಅವನ ಹೆಂಡತಿ.

ಪಡಸಾಲೆಯ ಮೂಲೆಯಲ್ಲಿ ಒಂದು ಮರದ ಪೆಟ್ಟಿಗೆ ಇತ್ತು. ಇಲಾಖೆ ಬೇಡವೆಂದು ಎಸೆದದ್ದನ್ನೆಲ್ಲ ಮುನಿಶಾಮಯ್ಯ ಬೇಕೆಂದು ಎತ್ತಿ ತಂದು ಅದರಲ್ಲಿ ತುಂಬಿದ್ದ. ಬೆರಳು ಹಾಕಿ ತಿರುಗಿಸುವ ಕಪ್ಪು ಫೋನುಗಳು, ಹಿಡಿ ಸುತ್ತಿದರೆ ಗಂಟೆ ಹೊಡೆಯುವ ಮುದಿ ಫೋನು ಒಂದು, ಕಂಬದ ತುದಿಯ ಪಿಂಗಾಣಿ ಬಟ್ಟಲುಗಳು, ಎಲ್ಲದರ ಮೇಲೆ ಲೈನ್‌ಮನ್‌ಗಳು ಸೊಂಟಕ್ಕೆ ನೇತುಹಾಕಿಕೊಳ್ಳುತ್ತಿದ್ದ ಟೆಸ್ಟ್ ಫೋನು. ಸೊಸೆ ಸುಚಿತ್ರಾಗೆ ಆ ಮೂಲೆ ಬೇಕಾಗಿತ್ತು. ಅವಳ ಮಗಳು ನವ್ಯಶ್ರೀ ರಾಮನಗರದಲ್ಲಿ ಡಿಗ್ರಿ ಓದುತ್ತಿದ್ದಳು. ಓದಲು ಟೇಬಲ್ ಇಲ್ಲದೆ ಅಡುಗೆಮನೆ ಕಟ್ಟೆಯ ಮೇಲೆ ಪುಸ್ತಕ ಹರಡಿ, ಅರ್ಥಶಾಸ್ತ್ರಕ್ಕೆಲ್ಲ ಸಾಸಿವೆ ಒಗ್ಗರಣೆ ಬಿದ್ದಿತ್ತು.

"ಮಾವ, ಈ ಪೆಟ್ಟಿಗೇನ ಅಟ್ಟಕ್ಕೆ ಹಾಕ್ಸಲಾ?" ಎಂದು ಸುಚಿತ್ರಾ ಕೇಳಿದ್ದಳು.

"ಹ್ಮ್," ಎಂದಿದ್ದ ಮುನಿಶಾಮಯ್ಯ. ಅವನ ಹ್ಮ್ ಯಾವಾಗಲೂ ಹೌದು ಮತ್ತು ಇಲ್ಲಗಳ ನಡುವೆ ಎಲ್ಲೋ ನೇತಾಡುವಂಥದ್ದು.

ಅದೇ ವಾರ ಹಿಂದಿನ ಬೀದಿಯ ಬೊಂಬೆ ಕೆಲಸದ ಅಕ್ರಮ್ ಬಂದ. "ಮಾರಕ್ಕಾ, ಹಳೇ ಫೋನು ಮರದಲ್ಲಿ ಮಾಡ್ಕೊಡಿ ಅಂತ ಆರ್ಡರ್ ಬಂದೈತೆ. ನಿಮ್ಮ ಮಗ ಮನೋಹರಣ್ಣನ ಬೊಂಬೆ ಅಂಗಡೀಲೂ ಜನ ಕೇಳ್ತಾರಂತೆ. ಅಳತೆ ನೋಡಕ್ಕೆ ಒಂದು ಫೋನ್ ಕೊಡ್ತೀರಾ?"

ಮಾರಕ್ಕ ಒಂದಲ್ಲ, ಪೆಟ್ಟಿಗೆಗೆ ಪೆಟ್ಟಿಗೆಯನ್ನೇ ಅವನ ಆಟೋಕ್ಕೆ ಹತ್ತಿಸಿದಳು.

ಮುನಿಶಾಮಯ್ಯ ಸ್ಟೇಷನ್ನಿಂದ ಬಂದು ಮೂಲೆ ನೋಡಿದ. "ಪೆಟ್ಟಿಗೆ ಎಲ್ಲಿ?"

"ಅಕ್ರಮ್ ತಕ್ಕೊಂಡು ಹೋದ."

"ಯಾರ್ನ ಕೇಳಿ ಕೊಟ್ಟೆ?"

"ಯಾರ್ನ ಕೇಳ್ಬೇಕಿತ್ತು? ಕೇಳುದ್ರೆ ಹೇಳೋರು ಯಾರಿದ್ದಾರೆ ಈ ಮನೇಲಿ? ಮಾತಾಡೋ ಬಾಯೇ ಮಾತಾಡ್ದೆ ಹೋದ ಮೇಲೆ ಫೋನ್ ಮಡಿಕ್ಕೊಂಡು ಉಪ್ಪಿನಕಾಯಿ ಹಾಕನಾ?"

"ಟೆಸ್ಟ್ ಫೋನೂ ಕೊಟ್ಯಾ?"

"ಅದನ್ನೇ ಮೊದ್ಲು ಕೊಟ್ಟೆ."

ಮುನಿಶಾಮಯ್ಯ ಚಪ್ಪಲಿ ಬಿಟ್ಟ. ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡ. ಕುರ್ಚಿಯಲ್ಲಿ ಕೂತ. ಅಲ್ಲಿಗೆ ಹೆಂಡತಿಯ ಜೊತೆ ಮಾತು ಬಿಟ್ಟ.

ಮಾತು ಬಿಡುವುದಕ್ಕೂ ಆ ಕಡೆಯ ಮನೆಗಳಲ್ಲಿ ರೀತಿ ನೀತಿ ಉಂಟು. ಊಟ ಬಿಡಬಾರದು, ಅದು ಬೇರೆ ಜಗಳದ ಕಾನೂನು. ಒಬ್ಬರ ಮುಖಕ್ಕೆ ಇನ್ನೊಬ್ಬರು ನೇರ ಹೇಳಬಾರದು. ಗೋಡೆಗೆ ಹೇಳಬಹುದು, ಬೆಕ್ಕಿಗೆ ಹೇಳಬಹುದು, ಮೊಮ್ಮಕ್ಕಳಿದ್ದರೆ ಇನ್ನೂ ಸಲೀಸು. ಮೊದಲು ಮಾತಾಡಿದವರು ಸೋತಂತೆ.

"ನವ್ಯಾ, ನಿಮ್ಮ ತಾತಂಗೆ ಇನ್ನೊಂದು ಮುದ್ದೆ ಬೇಕಾ ಕೇಳು," ಎನ್ನುವಳು ಮಾರಕ್ಕ, ತಾತನ ತಟ್ಟೆಯ ಎದುರಿಗೇ ನಿಂತು.

ನವ್ಯಶ್ರೀಗೆ ಬೇರೆಯವರ ಗಂಟಲು ತನ್ನ ಗಂಟಲಿಗೆ ಹಾಕಿಕೊಳ್ಳುವ ಚಟ. ಸ್ಟೇಷನ್ನಿನಲ್ಲಿ ರೈಲು ತಡ ಎಂದು ಘೋಷಿಸುವ ಹೆಂಗಸು, ಕಾಲೇಜಿನ ಪ್ರಿನ್ಸಿಪಾಲರು, ಪಕ್ಕದ ಮನೆ ವರಲಕ್ಷ್ಮಮ್ಮನ ಕೋಳಿ, ಎಲ್ಲರೂ ಅವಳೊಳಗೆ ಬಾಡಿಗೆಗಿದ್ದರು. ಅವಳು ಅಜ್ಜಿಯ ರಾಗದಲ್ಲೇ ತಾತನ ಕಡೆ ತಿರುಗುವಳು. "ಇನ್ನೊಂದು ಮುದ್ದೆ ಬೇಕಾ ಅಂತೆ?"

"ಸಾಕು ಅನ್ನು."

"ಖ್ರ್ಹ್," ಎಂದು ತಾತನ ಹಾಗೇ ಗಂಟಲು ಕೆರೆದು ಅಜ್ಜಿಯ ಕಡೆ ತಿರುಗುವಳು. "ಸಾಕಂತೆ."

"ಮನೆಯೊಳಗೇ ಟ್ರಂಕ್ ಕಾಲ್ ಆಗೋಯ್ತಲ್ಲವ್ವ," ಎಂದು ನಗುವನು ಮಗ ಮನೋಹರ್. "ಆಪರೇಟರಮ್ಮಾ, ನಂಗೂ ಒಸಿ ಸಾರಿಗೆ ಲೈನ್ ಕೊಡಿಸಿ."

"ನಗಬೇಡಿ ನೀವು," ಎಂದಳು ಸುಚಿತ್ರಾ. "ನನ್ನ ಟೇಬಲ್‌ನಿಂದ ಇಷ್ಟೆಲ್ಲ ಆಗಿದ್ದು ಅಂತ ನಂಗೆ ತುತ್ತು ಇಳೀತಿಲ್ಲ."

"ನಿನ್ ಟೇಬಲ್ದು ಏನೂ ಇಲ್ಲ ಕಣಮ್ಮ," ಎಂದಳು ಮಾರಕ್ಕ ಗೋಡೆಗೆ. "ಟೇಬಲ್ ಬರೋಕ್ ಮುಂಚೆ ಏನು ಭಾರೀ ಮಾತಾಡಿ ಮಾತಾಡಿ ನನ್ ಕಿವಿ ತೂತು ಬಿದ್ದಿತ್ತಾ?"

ಗೋಡೆ ಸುಮ್ಮನಿತ್ತು. ಗೋಡೆಗೆ ಒರಗಿದ್ದವನೂ ಸುಮ್ಮನಿದ್ದ.

ಮಾರಕ್ಕನ ಸಂಕಟ ಇವತ್ತಿನದಲ್ಲ. ಮದುವೆಯಾದ ಹೊಸದರಲ್ಲಿ ಮುನಿಶಾಮಯ್ಯನ ಡ್ಯೂಟಿ ಕನಕಪುರದ ಕಡೆ, ಉಯ್ಯಂಬಳ್ಳಿಯಿಂದಾಚೆ ಕಾಡಿನ ಅಂಚಿನ ಲೈನುಗಳ ಮೇಲೆ. ಶನಿವಾರ ಬಂದರೆ ಸೋಮವಾರ ಹೊರಟುಬಿಡುವನು. ಇವಳು ಚನ್ನಪಟ್ಟಣದಲ್ಲಿ ಅತ್ತೆಯ ಜೊತೆ. ಆ ಸುತ್ತಿನಲ್ಲೆಲ್ಲ ಫೋನಿದ್ದದ್ದು ಅಕ್ರಮನ ಅಪ್ಪ ಕರೀಂ ಸಾಹೇಬರ ಮನೆಯಲ್ಲಿ ಮಾತ್ರ. ಬಿಸಿಲು ನೆತ್ತಿಗೆ ಬಂದ ಹೊತ್ತಿಗೆ ಹಿತ್ತಲ ಗೋಡೆಯಾಚೆಯಿಂದ ಸಾಹೇಬರ ಕೂಗು ಕೇಳುವುದು: "ಮಾರಕ್ಕಾ, ಕಂಬದ ಫೋನು!" ಇವಳು ಸೆರಗಿಗೆ ಕೈ ಒರಸಿಕೊಳ್ಳುತ್ತ ಓಡುವಳು.

ಆ ಕಡೆ ಮುನಿಶಾಮಯ್ಯ ಕಂಬದ ತುದಿಯಲ್ಲಿ ಬೆಲ್ಟು ಬಿಗಿದುಕೊಂಡು, ಟೆಸ್ಟ್ ಫೋನಿನ ಎರಡು ಕ್ಲಿಪ್ಪು ತಂತಿಗೆ ಕಚ್ಚಿಸಿ ನಿಂತಿರುವನು. "ಅಮ್ಮೀ, ಕೇಳುಸ್ತೈತಾ?" ಅಷ್ಟೇ, ಆಮೇಲೆ ಮಾತಿನ ಹೊಳೆ. ತಂತಿ ಮೇಲೆ ಯಾವ ಹಕ್ಕಿ ಕೂತಿದೆ, ಯಾವ ಕಂಬಕ್ಕೆ ಆನೆ ಬೆನ್ನು ಉಜ್ಜಿ ಸೊಟ್ಟ ಮಾಡಿದೆ, ಯಾವ ಊರಿನ ಮುದುಕಿ ಮಜ್ಜಿಗೆ ಕೊಟ್ಟು ಮದುವೆಯಾಗಿದೆಯಾ ಎಂದು ಕೇಳಿದಳು, ಅದಕ್ಕೆ ಇವನು ಏನೆಂದ. ನಡುವೆ ಕನಕಪುರದ ಆಪರೇಟರು ಕೆಮ್ಮುವನು. "ಆಯ್ತೇನಪ್ಪ ಟೆಸ್ಟಿಂಗು?"

"ಇನ್ನೊಸಿ ಐತೆ ಸಾರ್. ಲೈನ್ ಕೊರಕೊರ ಅಂತೈತೆ."

ಒಂದು ದಿನ ಹೇಳಿದ್ದ: "ಅಮ್ಮೀ, ಮುಂದೆ ತಂತೀನೇ ಇರಾಕಿಲ್ಲ ಕಣೆ. ಮಾತು ಗಾಳೀಲೇ ಬತ್ತದಂತೆ. ಫೋನು ಬೆಂಕಿಪೊಟ್ಟಣದಷ್ಟು ಆಯ್ತದೆ, ಎಲೆಅಡಿಕೆ ಚೀಲದಲ್ಲಿ ಮಡಿಕ್ಕೊಂಡು ತಿರುಗಬೋದು. ಮುಖಾನೂ ಕಾಣ್ತದಂತೆ. ನಮ್ಮ ಇಂಜಿನಿಯರು ಪುಸ್ತಕದಲ್ಲಿ ಚಿತ್ರ ತೋರುಸುದ್ರು."

"ಅಯ್ಯೋ, ಮುಖ ಕಂಡ್ರೆ ಕಷ್ಟ. ನಾನಿನ್ನೂ ತಲೆ ಬಾಚಿಲ್ಲ."

"ಬಾಚಬೇಡ. ಆವಾಗ ನಾನ್ಯಾಕೆ ಕಂಬ ಹತ್ತಲಿ? ನಿನ್ ಜೊತೆ ದಿನವೆಲ್ಲ ಮಾತಾಡ್ಕೊಂಡೇ ಇರ್ತೀನಿ."

ಶನಿವಾರ ಮನೆಗೆ ಬರುತ್ತಿದ್ದವನು ಮಾತ್ರ ಬೇರೆಯೇ ಗಂಡಸು. ತಲೆ ತಗ್ಗಿಸಿ ಉಣ್ಣುವನು. ಕೇಳಿದರೆ ಹ್ಮ್ ಎನ್ನುವನು. ಮಾತನ್ನೆಲ್ಲ ಕಂಬದ ಮೇಲೇ ಬಿಟ್ಟು ಇಳಿದವನಂತೆ ಕಾಣುವನು. ಹೋಗಲಿ, ಸೋಮವಾರ ಮತ್ತೆ ಹತ್ತುತ್ತಾನಲ್ಲ ಎಂದು ಮಾರಕ್ಕ ಸಮಾಧಾನ ಮಾಡಿಕೊಂಡಳು. ಹಾಗೆ ಸಮಾಧಾನದಲ್ಲೇ ಮಕ್ಕಳಾಯಿತು, ಮೊಮ್ಮಗಳಾಯಿತು. ಅವನು ಹೇಳಿದ್ದೆಲ್ಲ ಒಂದೊಂದಾಗಿ ಆಯಿತು. ತಂತಿ ಹೋಯಿತು, ಕಂಬ ಹೋಯಿತು, ಫೋನು ಎಲೆಅಡಿಕೆ ಚೀಲಕ್ಕೆ ಬಂತು, ಮುಖವೂ ಬಂತು. ದಿನವೆಲ್ಲ ಮಾತಾಡುತ್ತೇನೆ ಎಂದವನು ನಾಲ್ಕು ಮಾರು ದೂರದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ, ಮಾತೊಂದು ಬರಲಿಲ್ಲ. ಕಂಬದ ಫೋನಿನ ಕಥೆಯನ್ನು ಮಾರಕ್ಕ ಮೊಮ್ಮಗಳಿಗೆ ಹೇಳಿ ಹೇಳಿ, ಆ ಹುಡುಗಿಗೆ ಆನೆ ಉಜ್ಜಿದ ಕಂಬ ಯಾವ ಕಡೆಗೆ ಸೊಟ್ಟಗಾಗಿತ್ತು ಎನ್ನುವುದೂ ಬಾಯಿಪಾಠವಾಗಿತ್ತು.

ಅಕ್ರಮ್ ಅಳತೆ ತೆಗೆದುಕೊಂಡು ಪೆಟ್ಟಿಗೆ ವಾಪಸ್ಸು ತಂದ. ಜೊತೆಗೆ ಆಲೆ ಮರದಲ್ಲಿ ಕಡೆದು ಕೆಂಪು ಹಳದಿ ಅರಗು ಹಚ್ಚಿದ ಒಂದು ಬೊಂಬೆ ಫೋನು. "ಅಣ್ಣಾ, ನಿಮ್ಮ ಸಾಮಾನು ಒಂದು ಸ್ಕ್ರೂ ಕಳೀದೆ ತಂದಿದೀನಿ. ಇನ್ನು ಅಕ್ಕನ ಜೊತೆ ಮಾತಾಡ್ಬುಡಿ."

ಮುನಿಶಾಮಯ್ಯ ಟೆಸ್ಟ್ ಫೋನನ್ನು ಎತ್ತಿಕೊಂಡು, ಟವೆಲಿನಲ್ಲಿ ಒರಸಿ, ಗೋಡೆಯ ಮೊಳೆಗೆ ನೇತುಹಾಕಿದ. ಬಾಗಿಲ ಹಿಂದೆ ಮಾರಕ್ಕ ಕಾದು ನಿಂತಿದ್ದಳು.

"ನವ್ಯಾ," ಎಂದ ಮುನಿಶಾಮಯ್ಯ, "ಅಕ್ರಮಂಗೆ ಕಾಫಿ ಮಾಡಕ್ಕೆ ಹೇಳು ಒಳಗೆ."

ಫೋನು ಬಂತು, ಮಾತು ಬರಲಿಲ್ಲ. ಈಗ ಜಗಳಕ್ಕೆ ಕಾರಣವೂ ಉಳಿದಿರಲಿಲ್ಲವಾದ್ದರಿಂದ ಅದನ್ನು ಮುಗಿಸುವುದು ಹೇಗೆಂದು ಇಬ್ಬರಿಗೂ ತಿಳಿಯದಾಯಿತು. ಮಾರಕ್ಕ ಹುರುಳಿಕಾಳು ಬಸ್ಸಾರು ಮಾಡಿದಳು, ಅವನಿಗೆ ಪ್ರೀತಿ ಎಂದು. ಅವನು ಎರಡು ಸಲ ಬಡಿಸಿಕೊಂಡ, ತಟ್ಟೆ ತೊಳೆದ, ಕೂತ.

ಇದಾದ ಮೇಲೆ ಒಂದು ಮಧ್ಯಾಹ್ನ. ಮಗ ಹಳೇ ಹೆದ್ದಾರಿಯ ಬೊಂಬೆ ಅಂಗಡಿಗೆ, ಸೊಸೆ ರಾಮನಗರದ ಕಚೇರಿಗೆ, ಮೊಮ್ಮಗಳು ಕಾಲೇಜಿಗೆ, ಗಂಡ ಸ್ಟೇಷನ್ ಕಡೆಗೆ. ಮಾರಕ್ಕ ಒಬ್ಬಳೇ ಅವರೆಕಾಯಿ ಸುಲಿಯುತ್ತಿದ್ದಳು. ಮೊಬೈಲು ಹೊಡೆದುಕೊಂಡಿತು. ಅವಳಿಗೆ ನಂಬರು ಓದಲು ಬಾರದು. ಹಸಿರು ಗುಂಡಿ ಉಜ್ಜುವುದು ಗೊತ್ತು, ಕಿವಿ ಮಂದವಾದ್ದರಿಂದ ಸ್ಪೀಕರ್ ಯಾವಾಗಲೂ ಹಾಕಿಯೇ ಇರುತ್ತಿತ್ತು.

"ಖ್ರ್ಹ್. ಅಮ್ಮೀ, ಕೇಳುಸ್ತೈತಾ?"

ಅವರೆಕಾಯಿ ಮೊರ ಮಡಿಲಿನಿಂದ ಜಾರಿತು.

ಓದುವ ನಿಮಗೆ ಆಗಲೇ ಅನುಮಾನ ಬಂದಿರುತ್ತದೆ. ಮಾರಕ್ಕನಿಗೆ ಬರಲಿಲ್ಲ. ಅನುಮಾನ ಬರಲು ಮನಸ್ಸಿನಲ್ಲಿ ಒಂದಿಷ್ಟು ಖಾಲಿ ಜಾಗ ಬೇಕು. ಅವಳ ಮನಸ್ಸಿನ ತುಂಬ ಆ ಒಂದು ಕರೆ ಇಷ್ಟು ವರ್ಷ ಕಾಲು ನೀಡಿ ಕೂತಿತ್ತು.

"ಕೇಳುಸ್ತೈತೆ," ಎಂದಳು. ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ. "ಎಲ್ಲಿದ್ದೀರಿ?"

"ಸ್ಟೇಷನ್ನಲ್ಲಿ. ಏನ್ ಮಾಡ್ತಿದ್ದೀಯೆ?"

"ಅವರೆಕಾಯಿ. ನೀವು ಮನೇಲಿ ಮಾತಾಡ್ದೆ ಇಲ್ಲಿಂದ ಅಲ್ಲೀಗಂಟ ಹೋಗಿ ಫೋನ್ ಮಾಡ್ತೀರಲ್ಲ, ಎಂಥ ಗಂಡಸ್ರು!"

"ನೋಡಮ್ಮಿ, ಮನೇಲಿ ಈ ಮಾತು ಎತ್ತಬೇಡ. ಮಗ ಸೊಸೆ ಮುಂದೆ ನಂಗೆ ಒಂಥರಾ ಆಯ್ತದೆ. ನಾವಿಬ್ರೂ ಮಾತು ಬುಟ್ಟಿರೋ ಅಂಗೇ ಇರನಾ."

"ಇರನಾ," ಎಂದಳು ಮಾರಕ್ಕ. ಹದಿನಾರರ ಹುಡುಗಿಯ ಹಾಗೆ ನಕ್ಕಳು.

ಅಂದಿನಿಂದ ಮಧ್ಯಾಹ್ನವೆಂದರೆ ಕಂಬದ ಫೋನು. ಕೆಲವು ದಿನ ಬರುತ್ತಿರಲಿಲ್ಲ. ಆ ದಿನ ಸಾರಿಗೆ ಹುಳಿ ಹೆಚ್ಚಾಗುತ್ತಿತ್ತು. ಬಂದ ದಿನ ಮುನಿಶಾಮಯ್ಯನ ಮುದ್ದೆಯ ಗುಳಿಯಲ್ಲಿ ತುಪ್ಪ. ಅವನು ತುಪ್ಪ ನೋಡುವನು, ಹೆಂಡತಿಯ ಮುಖ ನೋಡುವನು, ಏನೂ ತಿಳಿಯದೆ ತಿನ್ನುವನು. ಎದುರಿಗೆ ಕೂತ ನವ್ಯಶ್ರೀ ತಟ್ಟೆಯಿಂದ ತಲೆ ಎತ್ತದೆ ಉಣ್ಣುವಳು.

"ಇವತ್ತು ಆಪರೇಟರ್ ಯಾಕೆ ಮೌನ?" ಎಂದು ಮನೋಹರ್ ಕೇಳಿದ.

"ಪರೀಕ್ಷೆ ಅಪ್ಪ," ಎಂದಳು.

ಒಂದು ಮಧ್ಯಾಹ್ನ ಮಾರಕ್ಕ ತಡೆದುಕೊಳ್ಳಲಾಗದೆ ಹೇಳಿಬಿಟ್ಟಳು. "ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನೀವು ಕಂಬದ ಮೇಲಿದ್ದಾಗ ನಂಗೆ ಹತ್ರ ಇದ್ರಿ. ಇಳಿದು ಬಂದು ಪಕ್ಕದಲ್ಲಿ ಕೂತ ಮೇಲೆ ಯಾವೂರಿಗೆ ಹೋಗ್ಬುಟ್ರಿ? ರಿಟೈರಾಗಿ ಬತ್ತಾರೆ, ಬಾಯ್ತುಂಬ ಮಾತಾಡ್ತಾರೆ ಅಂತ ನಾನು ಕಾದಿದ್ದೆ. ನನ್ ತಾವ ಮಾತಾಡಕ್ಕೆ ಏನೂ ಇಲ್ವಾ, ಇಲ್ಲ ನಾನೇ ಬ್ಯಾಡ್ವಾ?"

ಆ ಕಡೆಯಿಂದ ಯಾರೋ ಮೂಗೆಳೆದ ಸದ್ದು.

"ನೆಗಡಿ ಆಗೈತಾ?"

"ಹೂಂ... ಒಸಿ ನೆಗಡಿ. ಮಡಗ್ತೀನಮ್ಮಿ."

ಸಂಜೆ ಮಾರಕ್ಕ ಶುಂಠಿ, ಮೆಣಸು ಜಜ್ಜಿ ಕುದಿಸಿದ ಕಷಾಯವನ್ನು ದೊಡ್ಡ ಲೋಟದಲ್ಲಿ ತಂದು ಗಂಡನ ಮುಂದೆ ಕುಕ್ಕಿದಳು. ನೆಗಡಿಯ ನ ಕೂಡ ಇಲ್ಲದ ಮುನಿಶಾಮಯ್ಯ, ಯಾಕೆಂದು ಕೇಳಿದರೆ ಮಾತಾಡಿದಂತೆ ಆಗುವುದಲ್ಲ ಎಂದು ಕಣ್ಣಲ್ಲಿ ನೀರು ಸುರಿಸುತ್ತ ಕೊನೆಯ ಗುಟುಕಿನವರೆಗೆ ಕುಡಿದ.

ಆದರೆ ಸ್ಪೀಕರಿಗೆ ಗೋಡೆಯ ಲೆಕ್ಕವಿಲ್ಲ. ಒಂದು ಸಂಜೆ ಸುಚಿತ್ರಾ ರೈಲಿಳಿದು ಬಂದವಳು ಬ್ಯಾಗು ಇಡುತ್ತಲೇ ಕೇಳಿದಳು. "ಅತ್ತೆ, ಮಧ್ಯಾಹ್ನ ಯಾರ ಜೊತೆ ಫೋನಲ್ಲಿ ನಗ್ತಿರ್ತೀರಿ? ವರಲಕ್ಷ್ಮಮ್ಮ ಬೀದೀಲಿ ನಿಲ್ಸಿ ಕೇಳಿದ್ರು. ಯಾರೋ ಗಂಡಸರ ದನಿ ಅಂತೆ."

ಮಾರಕ್ಕನ ಕಿವಿ ಕೆಂಪಾಯಿತು. "ಅವಳಿಗೆ ಅವಳ ಕೋಳಿ ನೋಡ್ಕೊಳಕ್ಕೆ ಹೇಳು," ಎಂದು ಒಳಗೆ ಹೋದಳು.

ಕುರ್ಚಿಯಲ್ಲಿ ಕೂತಿದ್ದವನ ಟವೆಲು ಹೆಗಲಿನಿಂದ ಜಾರಿತು. ತುಪ್ಪ, ಕಷಾಯ, ಹೆಂಡತಿ ಈಚೆಗೆ ತಲೆಗೆ ಮುಡಿಯತೊಡಗಿದ್ದ ಕನಕಾಂಬರ, ಎಲ್ಲ ಒಟ್ಟಿಗೆ ಅವನ ಲೆಕ್ಕಕ್ಕೆ ಬಂದವು. ಆ ರಾತ್ರಿ ಅವನು ಒಂದೇ ಮುದ್ದೆಗೆ ಎದ್ದ.

ಭಾನುವಾರ ಎಲ್ಲರೂ ಮನೆಯಲ್ಲಿ. ಸುಚಿತ್ರಾ ಹಿತ್ತಲಿನಲ್ಲಿ ದೊಡ್ಡ ಟಬ್ಬಿಗೆ ಸೋಪಿನ ಪುಡಿ ಹಾಕಿ ಹಾಸಿಗೆಯ ದುಪ್ಪಟಿಗಳನ್ನು ನೆನೆಸುತ್ತಿದ್ದಳು. ಮಾರಕ್ಕ ಒಲೆಯ ಮುಂದೆ ಕೂತು, ಎರಡು ಪಾದದ ನಡುವೆ ಪಾತ್ರೆ ಸಿಕ್ಕಿಸಿಕೊಂಡು ಕೋಲಿನಿಂದ ಮುದ್ದೆ ತಿರುವುತ್ತಿದ್ದಳು. ಮುನಿಶಾಮಯ್ಯ ಮಾಂಸ ತರಲು ಹೊರಟ. ಅವನು ಬೀದಿಯ ತಿರುವು ದಾಟಿದ್ದನ್ನು ತಾರಸಿಯ ಮೇಲಿಂದ ನೋಡಿದವರೊಬ್ಬರು ಫೋನು ಹಚ್ಚಿದರು. ಆದರೆ ತಿರುವು ದಾಟಿದವನು ಚೀಲ ಮರೆತದ್ದು ನೆನಪಾಗಿ ಹಿತ್ತಲ ಬಾಗಿಲಿಂದ ಒಳಗೆ ಬಂದ. ಬಂದವನ ಕಣ್ಣ ಮುಂದೆಯೇ ಕಟ್ಟೆಯ ಮೇಲೆ ಮಾರಕ್ಕನ ಮೊಬೈಲು ಹೊಡೆದುಕೊಂಡಿತು. ಅವಳ ಕೈಯೆಲ್ಲ ಹಿಟ್ಟು. ಅವನೇ ಎತ್ತಿಕೊಂಡು ಹಸಿರು ಉಜ್ಜಿದ.

"ಖ್ರ್ಹ್. ಅಮ್ಮೀ, ಕೇಳುಸ್ತೈತಾ?"

ಮುನಿಶಾಮಯ್ಯ ಫೋನು ನೋಡಿದ. ಮಾರಕ್ಕ ಮುನಿಶಾಮಯ್ಯನನ್ನು ನೋಡಿದಳು. ಅವನ ಮುಚ್ಚಿದ ಬಾಯಿ ನೋಡಿದಳು. ಕೋಲು ಮುದ್ದೆಯಲ್ಲೇ ನಿಂತಿತು.

"ಯಾವನ್ಲಾ ನೀನು?" ಎಂದ ಮುನಿಶಾಮಯ್ಯ.

"ನಾನು... ಮುನಿಶಾಮಯ್ಯ."

"ಅಂಗಾರೆ ನಾನ್ಯಾವನ್ಲಾ?"

"ಗೊತ್ತಿಲ್ಲ... ರಾಂಗ್ ನಂಬರ್ ಇರ್ಬೋದು."

ಹಿತ್ತಲಿನಿಂದ ಸುಚಿತ್ರಾ, ಬಚ್ಚಲಿನಿಂದ ಅರ್ಧ ಸೋಪಿನ ಮನೋಹರ್, ಇಬ್ಬರೂ ಓಡಿ ಬಂದರು. ಮುನಿಶಾಮಯ್ಯ ಅವರತ್ತ ನೋಡಲಿಲ್ಲ. ಫೋನು ಅಂಗೈಯಲ್ಲಿ, ಕಿವಿ ಮನೆಯಲ್ಲಿ. ದನಿ ಒಂದು ಫೋನಿನಿಂದ ಬರುತ್ತಿತ್ತು, ಅದರದೇ ತೆಳ್ಳನೆಯ ನೆರಳು ಇನ್ನೆಲ್ಲಿಂದಲೋ. "ಮಾತಾಡ್ತಾ ಇರು. ಬಿಡಬೇಡ," ಎಂದ. ಪಡಸಾಲೆಗೆ ನಡೆದು ನಿಂತ. ಇಲ್ಲ ಎಂದು ತಲೆ ಆಡಿಸಿದ. ಮೆಟ್ಟಿಲ ಬುಡಕ್ಕೆ ಬಂದ. ಹೂಂ ಎಂದು ತಲೆ ಆಡಿಸಿದ. ಕಾಡಿನಲ್ಲಿ ಎಷ್ಟೋ ಹರದಾರಿ ತಂತಿಯಲ್ಲಿ ಎಲ್ಲಿ ಕಡಿದಿದೆ ಎಂದು ಹುಡುಕಿದವನಿಗೆ ಒಂದು ಮನೆಯ ಮೆಟ್ಟಿಲು ಯಾವ ಲೆಕ್ಕ. ತಾರಸಿಗೆ ಹತ್ತಿ, ನೀರಿನ ಟ್ಯಾಂಕಿನ ಹಿಂದೆ ಮೂಗು ಹಿಡಿದುಕೊಂಡು ಕೂತಿದ್ದ ಮೊಮ್ಮಗಳನ್ನು ಕೈ ಹಿಡಿದು ಕರೆತಂದ. "ಫಾಲ್ಟ್ ಸಿಕ್ತು," ಎಂದ.

ಯಾರೂ ನಗಲಿಲ್ಲ.

ಮಾರಕ್ಕ ಕೊಳಾಯಿಯ ಕೆಳಗೆ ಕೈ ಹಿಡಿದಿದ್ದಳು. ಹಿಟ್ಟು ಎಲ್ಲ ಹೋದ ಮೇಲೂ ಕೈ ತೊಳೆಯುತ್ತಲೇ ಇದ್ದಳು. ತಾನು ಆ ಫೋನಿಗೆ ಹೇಳಿದ್ದೆಲ್ಲ ಒಂದೊಂದಾಗಿ ನೆನಪಾಗಿ, ಅವಳಿಗೆ ಸೆರಗು ತಲೆಯ ಮೇಲೆ ಎಳೆದುಕೊಂಡರೂ ಸಾಲದು ಅನ್ನಿಸಿತು.

"ಅಜ್ಜಿ," ಎಂದಳು ನವ್ಯಶ್ರೀ ತನ್ನ ಸ್ವಂತ ದನಿಯಲ್ಲಿ. ಆ ದನಿ ಎಷ್ಟು ಚಿಕ್ಕದು ಎಂದು ಮನೆಯವರಿಗೆ ಅವತ್ತೇ ಗೊತ್ತಾದದ್ದು. "ಒಂದ್ಸಲ ತಮಾಷೆಗೆ ಅಂತ ಮಾಡ್ದೆ. ನಾನು ಕಣಜ್ಜಿ ಅಂತ ಹೇಳ್ಬೇಕು ಅಂತಿದ್ದೆ. ನೀನು ನಕ್ಕಿದ್ದು ಕೇಳಿ ಹೇಳಕ್ಕಾಗ್ಲಿಲ್ಲ."

ಸುಚಿತ್ರಾ ಕೈ ಎತ್ತಿದಳು. "ವಯಸ್ಸಾದವರ ಜೊತೆ ಆಡೋ ಆಟವೇನೇ ಇದು?"

"ಹೊಡೀಬ್ಯಾಡ," ಎಂದಳು ಮಾರಕ್ಕ ಗೋಡೆಯ ಕಡೆ ಮುಖ ಮಾಡಿಯೇ. "ಈ ಮನೇಲಿ ನನ್ ಜೊತೆ ಮಾತಾಡಿದ್ದು ಅವಳೊಬ್ಬಳೇ."

ಕೊಳಾಯಿ ಸುರಿಯುತ್ತಿತ್ತು. ಮನೋಹರ್ ಹೋಗಿ ನಿಲ್ಲಿಸಿದ.

ಮುನಿಶಾಮಯ್ಯ ಮೊಮ್ಮಗಳನ್ನು ಮೆಲ್ಲಗೆ ಕೇಳಿದ. "ಏನಂತಿದ್ಲು ನಿಮ್ಮಜ್ಜಿ?"

ನವ್ಯಶ್ರೀ ಅಜ್ಜಿಯ ಕಡೆ ನೋಡಿದಳು. ಬೇಡವೆಂದು ಬೆನ್ನು ಹೇಳಲಿಲ್ಲ. ಅವಳು ಬಾಯಿ ತೆರೆದಳು. ಬಂದದ್ದು ಅಜ್ಜಿಯದೇ ದನಿ. "ನೀವು ಕಂಬದ ಮೇಲಿದ್ದಾಗ ನಂಗೆ ಹತ್ರ ಇದ್ರಿ. ಇಳಿದು ಬಂದು ಪಕ್ಕದಲ್ಲಿ ಕೂತ ಮೇಲೆ ಯಾವೂರಿಗೆ ಹೋಗ್ಬುಟ್ರಿ?"

ಮುನಿಶಾಮಯ್ಯ ಬಾಗಿಲ ಚೌಕಟ್ಟು ಹಿಡಿದುಕೊಂಡ. ಗಂಟಲು ಕೆರೆದ. ಎಲ್ಲರೂ ಕಾದರು. ಮಾತು ಬಾಯಿಯವರೆಗೆ ಬಂದು, ಅಷ್ಟು ಜನರನ್ನು ನೋಡಿ ವಾಪಸ್ಸು ಹೋದದ್ದು ಕಣ್ಣಿಗೇ ಕಂಡಿತು. ಮಾರಕ್ಕನ ಮೊಬೈಲನ್ನು ಕಟ್ಟೆಯ ಮೇಲಿಟ್ಟು, ನವ್ಯಶ್ರೀಯ ಕೈಯಿಂದ ಅವಳ ಫೋನು ಕಿತ್ತುಕೊಂಡು ಹಿತ್ತಲಿಗೆ ಹೋದ.

"ಹೊರಟೋದ್ರು," ಎಂದಳು ಮಾರಕ್ಕ. ಅಷ್ಟರಲ್ಲಿ ಅವಳ ಮೊಬೈಲು ಹೊಡೆದುಕೊಂಡಿತು.

ನವ್ಯಶ್ರೀ ಎತ್ತಿ ಅಜ್ಜಿಯ ಮುಖದ ಮುಂದೆ ಹಿಡಿದಳು. ಅವನು ಯಾವುದೋ ತಪ್ಪು ಗುಂಡಿ ಒತ್ತಿದ್ದ. ಪರದೆಯ ತುಂಬ ಒಂದು ಕಿವಿ. ದೊಡ್ಡದು, ಸುಕ್ಕಾದದ್ದು, ತೂತಿನಿಂದ ಬಿಳಿ ಕೂದಲು ಹೊರಗೆ ಬಂದದ್ದು.

"ಯಾರು?" ಎಂದಳು ಮಾರಕ್ಕ ಗಟ್ಟಿಯಾಗಿ.

"ನಾನು," ಎಂದಿತು ಕಿವಿ.

"ಯಾವ ನಾನು? ಈ ಮನೇಲಿ ಬೇಜಾನ್ ನಾನುಗಳವೆ."

"...ಅಮ್ಮೀ."

ಮಾರಕ್ಕ ಗೋಡೆ ಬಿಟ್ಟು ಫೋನಿನ ಕಡೆ ತಿರುಗಿದಳು. "ಹೇಳಿ."

"ಏನ್ ಹೇಳದು?"

"ಅವಳು ಎಷ್ಟೊಂದು ಹೇಳ್ತಿದ್ಲು."

"ಅವಳಂಗೆ ನಂಗೆ ಬರಾಕಿಲ್ಲ ಕಣೆ. ಕಂಬದ ಮೇಲೆ ಬತ್ತಿತ್ತು. ಅಲ್ಲಿ ನೀನು ಕಾಣ್ತಿರ್ನಿಲ್ಲ. ಎದುರಿಗಿದ್ರೆ ನಿನ್ ಮುಖ ನೋಡ್ತಿದ್ದಂಗೆ ಏನಂದ್ಕತೀಯೋ ಅಂತ ಅರ್ಧಕ್ಕೇ ನಿಂತೋಯ್ತದೆ. ಇವತ್ತಿಗೂ ಅಂಗೇ."

"ಈಗ ನಾನು ಎದುರಿಗಿಲ್ವಲ್ಲ. ಹಿತ್ತಲಲ್ಲಿ ತಾನೇ ನೀವು ಇರೋದು?"

"ಹತ್ರ ಆಯ್ತದೆ ಅಮ್ಮಿ. ಕಿಟಕೀಲಿ ನಿನ್ ಸೆರಗು ಕಾಣ್ತೈತೆ. ತಡಿ, ಒಸಿ ದೂರ ಹೋಯ್ತೀನಿ."

ಕಿಟಕಿಯಾಚೆ ಮುನಿಶಾಮಯ್ಯ ಫೋನು ಕಿವಿಗೆ ಒತ್ತಿಕೊಂಡು, ಮನೆಯ ಕಡೆಗೇ ಮುಖ ಮಾಡಿ, ಒಂದೊಂದೇ ಹೆಜ್ಜೆ ಹಿಂದಕ್ಕೆ ಇಡತೊಡಗಿದ.

"ಸಾಕಾ?" ಎಂದಳು ಮಾರಕ್ಕ.

"ಇನ್ನೊಸಿ."

"ಮಾವ, ಹಿಂದೆ..." ಎಂದು ಸುಚಿತ್ರಾ ಕೂಗುವಷ್ಟರಲ್ಲಿ ಪರದೆಯ ಮೇಲಿದ್ದ ಕಿವಿ ಹೋಗಿ ತೆಂಗಿನ ಗರಿ ಬಂತು, ಆಕಾಶ ಬಂತು, ವರಲಕ್ಷ್ಮಮ್ಮನ ಕೋಳಿ ಬಂತು. ಧುಡುಂ ಎಂದು ಸೋಪಿನ ನೀರು ಹಾರಿತು. ಮುನಿಶಾಮಯ್ಯ ಟಬ್ಬಿನೊಳಗೆ, ದುಪ್ಪಟಿಗಳ ಮೇಲೆ, ಮೆತ್ತಗೆ ಕೂತಿದ್ದ. ಎರಡು ಕಾಲು ಆಚೆ, ಫೋನು ಹಿಡಿದ ಕೈ ಮಾತ್ರ ನೀರು ತಾಗದ ಹಾಗೆ ಎತ್ತರಕ್ಕೆ.

ನವ್ಯಶ್ರೀ ಮೊದಲು ಕಿಸಕ್ಕೆಂದಳು. ಮನೋಹರ್ ಹೊಟ್ಟೆ ಹಿಡಿದುಕೊಂಡ. ಬೇಡ ಬೇಡವೆಂದರೂ ಸುಚಿತ್ರಾಗೂ ಬಂತು. ಆದರೆ ಬೀದಿಯಾಚೆಗೂ ಕೇಳಿದ್ದು, ಕೋಳಿಯನ್ನು ಬೆದರಿಸಿ ಗೋಡೆ ಹಾರಿಸಿದ್ದು, ಮಾರಕ್ಕನ ನಗು. ಅವಳು ನಕ್ಕು ನಕ್ಕು ನೆಲಕ್ಕೆ ಕುಸಿದು, ಫೋನು ಎದೆಗೆ ಅವುಚಿಕೊಂಡು, ಉಸಿರಿಗೆ ತಡಕಾಡಿದಳು.

"ಏಳ್ರಿ ಮೇಲೆ," ಎಂದಳು, "ನೆಗಡಿ ಆಯ್ತದೆ."

"ತಡಿ ಅಮ್ಮೀ, ತಡಿ," ಎಂದ ಮುನಿಶಾಮಯ್ಯ ಟಬ್ಬಿನಿಂದ, ಏಳದೆ. "ಈಗ ಮಾತು ಬತ್ತಾ ಐತೆ."